ಹೈಲೈಟ್ಸ್ ಕೂದಲಿನ ಬುಡ ಕಪ್ಪಾಗಿದೆ, ಮನೆಯಲ್ಲೇ ಸರಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನನ್ನ ಸಹಜ ಕೂದಲು ಕಡು ಕಂದು, ಹೆಚ್ಚುಕಡಿಮೆ ಕಪ್ಪೇ. ಮೂರೂವರೆ ತಿಂಗಳ ಹಿಂದೆ ಸಲೂನಿನಲ್ಲಿ ಜೇನುಬಣ್ಣದ ಹೈಲೈಟ್ಸ್ ಮಾಡಿಸಿದ್ದೆ. ಈಗ ಬುಡದಲ್ಲಿ ಸುಮಾರು 4 ಸೆಂಟಿಮೀಟರ್ ಕಪ್ಪು ಬೆಳೆದಿದೆ. ಬೈತಲೆ ತೆಗೆದರೆ ಅದೇ ಎದ್ದು ಕಾಣುತ್ತದೆ. ಒಂದು ತಿಳಿ ಬಣ್ಣದ ಹೇರ್ ಕಲರ್ ಡಬ್ಬಿ, ಒಂದು ಬ್ಲೀಚ್ ಪುಡಿ ಪ್ಯಾಕೆಟ್ ಎರಡನ್ನೂ ತಂದಿಟ್ಟುಕೊಂಡಿದ್ದೇನೆ. ಯಾವುದನ್ನು ಹಚ್ಚಲಿ? ಬುಡಕ್ಕೆಲ್ಲ ಹಚ್ಚಿಬಿಟ್ಟರೆ ಆಗುತ್ತದೆಯೇ? ಉಳಿದ ಕೂದಲು ಹಾಳಾಗುತ್ತದೇನೋ ಅನ್ನೋ ಭಯವೂ ಇದೆ.

ಉತ್ತರ: ಬುಡಕ್ಕೆಲ್ಲ ಹಚ್ಚಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯ ಕಲರ್ ಆಗಲಿ, ಬ್ಲೀಚ್ ಆಗಲಿ, ಬುಡದ ತುಂಬ ಬಳಿದರೆ ತಲೆಯ ಸುತ್ತ 4 ಸೆಂಟಿಮೀಟರ್ ಅಗಲದ ಒಂದೇ ಬಣ್ಣದ ಪಟ್ಟಿ ಬರುತ್ತದೆ. ಅದರ ಕೆಳಗೆ ಕಪ್ಪು, ಜೇನು ಎರಡೂ ಬೆರೆತ ಹಳೆಯ ಕೂದಲು. ಈಗಿನ ಕಪ್ಪು ಬುಡಕ್ಕಿಂತ ಅದು ಜಾಸ್ತಿ ಎದ್ದು ಕಾಣುತ್ತದೆ, ಸರಿಪಡಿಸುವುದೂ ಜಾಸ್ತಿ ಕಷ್ಟ. ತಿಳಿ ಎಳೆಗಳ ನಡುವೆ ಬಿಟ್ಟ ಕಪ್ಪು ಎಳೆಗಳೇ ಹೈಲೈಟ್ಸ್‌ಗೆ ಚೆಂದ ಕೊಡುವುದು ಅಲ್ವಾ? ಹಾಗಾಗಿ ಬುಡ ಸರಿ ಮಾಡುವಾಗ ಹಚ್ಚುವುದಕ್ಕಿಂತ ಬಿಡುವುದರ ಕಡೆಗೇ ಹೆಚ್ಚು ಗಮನ ಬೇಕು. ಯಾವ ಎಳೆ ಬಿಡಬೇಕು, ಎಲ್ಲಿಗೆ ನಿಲ್ಲಿಸಬೇಕು, ತಲೆಯ ಯಾವ ಭಾಗವನ್ನು ಮುಟ್ಟಲೇಬಾರದು, ಇವಿಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮನೆಯಲ್ಲಿ ಮಾಡಬಹುದೇ ಅಂದರೆ, ಮಾಡಬಹುದು. ಆದರೆ ಬೈತಲೆಯ ಎರಡೂ ಬದಿ ಮತ್ತು ಮುಖದ ಸುತ್ತಲಿನ ಕೂದಲು, ಅಷ್ಟೇ. ಒಟ್ಟು 8ರಿಂದ 12 ಫಾಯಿಲ್‌ಗಳ, ಅಂದರೆ ಬ್ಲೀಚ್ ಹಚ್ಚಿದ ಎಳೆಗಳನ್ನು ಮಡಚಿಡುವ ಅಲ್ಯೂಮಿನಿಯಂ ಹಾಳೆಗಳ ಕೆಲಸ. ಹಿಂಭಾಗದಲ್ಲಿ, ಕಿವಿಯ ಕೆಳಗೆ, ಒಳಪದರಗಳಲ್ಲಿ ಬೆಳೆದ ಕಪ್ಪು ಬುಡವನ್ನು ಮೇಲಿನ ಕೂದಲೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಕೈ ಹಾಕುವ ಅಗತ್ಯವೇ ಇಲ್ಲ. ತಲೆಯ ಹಿಂಭಾಗ ನಿಮ್ಮ ಕೈಗೆ ಎಟುಕುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಾಣದ ಜಾಗಕ್ಕೆ ನೀವೇ ಬ್ಲೀಚ್ ಹಚ್ಚಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ನೀವು ತಂದಿಟ್ಟ ಎರಡರಲ್ಲಿ ಯಾವುದು ಅನ್ನೋ ಮಾತು. ಕೂದಲಿನ ಬಣ್ಣವನ್ನು ನಾವು 1ರಿಂದ 10ರ ಅಳತೆಯಲ್ಲಿ ನೋಡುತ್ತೇವೆ. 1 ಅಂದರೆ ಕಪ್ಪು, 10 ಅಂದರೆ ತೀರಾ ತಿಳಿ ಬ್ಲಾಂಡ್. ನಿಮ್ಮ ವಿವರಣೆ ನೋಡಿದರೆ ನಿಮ್ಮದು 2 ಅಥವಾ 3 ಇರಬೇಕು. ಜೇನುಬಣ್ಣ 7, 8ರ ಆಸುಪಾಸು. ಸಾಮಾನ್ಯ ಪರ್ಮನೆಂಟ್ ಕಲರ್ ಸಹಜ ಕೂದಲನ್ನು 2 ಮೆಟ್ಟಿಲು, ಹೆಚ್ಚೆಂದರೆ 3 ಮೆಟ್ಟಿಲು ತಿಳಿಯಾಗಿಸಬಲ್ಲದು. ಅಂದರೆ ನಿಮ್ಮ ಬುಡ ಕೆಂಪು ಛಾಯೆಯ ಕಂದಿಗೆ ಬಂದು ನಿಂತುಬಿಡುತ್ತದೆ. ಡಬ್ಬಿಯ ಮುಂದಿನ ಚಿತ್ರ ನೋಡಿ ನಂಬಬೇಡಿ. ಹಿಂಬದಿಯಲ್ಲಿ ಅಥವಾ ಪಕ್ಕದಲ್ಲಿ, ಯಾವ ಬಣ್ಣದ ಕೂದಲಿಗೆ ಹಚ್ಚಿದರೆ ಯಾವ ಬಣ್ಣ ಬರುತ್ತದೆ ಅಂತ ಸಣ್ಣ ಚಿತ್ರಗಳಿರುತ್ತವೆ, ಅದನ್ನು ನೋಡಿ. ನಿಮ್ಮಷ್ಟು ಕಡು ಬಣ್ಣ ಅಲ್ಲಿ ಸಿಗಲಿಕ್ಕಿಲ್ಲ. ಜೇನುಬಣ್ಣ ಬೇಕಾದರೆ ಬ್ಲೀಚೇ ದಾರಿ. ಆ ಡಬ್ಬಿಯನ್ನು ಎತ್ತಿಡಿ.

ಬ್ಲೀಚ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಮಧ್ಯದಲ್ಲಿ ಗಾಬರಿಯಾಗುವುದಿಲ್ಲ. ಕೂದಲಿನಲ್ಲಿ ಎರಡು ಬಗೆಯ ಮೆಲನಿನ್ ಇರುತ್ತದೆ. ಕಪ್ಪು, ಕಂದು ಬಣ್ಣ ಕೊಡುವುದು ಯೂಮೆಲನಿನ್. ಕೆಂಪು, ಹಳದಿ ಕೊಡುವುದು ಫಿಯೋಮೆಲನಿನ್. ಬ್ಲೀಚ್ ಮೊದಲನೆಯದನ್ನು ಬೇಗ ಒಡೆಯುತ್ತದೆ, ಎರಡನೆಯದು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಕಪ್ಪು ಕೂದಲು ತಿಳಿಯಾಗುವಾಗ ಮೊದಲು ಕೆಂಗಂದು, ಆಮೇಲೆ ಕೆಂಪು, ಕಿತ್ತಳೆ, ಹಳದಿ ಬೆರೆತ ಕಿತ್ತಳೆ, ಹಳದಿ, ಕೊನೆಗೆ ತೆಳು ಹಳದಿ ಹೀಗೆ ಹೋಗುತ್ತದೆ. ಕಿತ್ತಳೆ ಕಂಡ ಕೂಡಲೇ ಹೆದರಿ ತೊಳೆದುಬಿಡುವವರು ತುಂಬ ಜನ. ಕಿತ್ತಳೆ ಬಂದರೆ ಏನೋ ಕೆಟ್ಟಿದೆ ಅಂತಲ್ಲ, ಕೆಲಸ ಇನ್ನೂ ಮುಗಿದಿಲ್ಲ ಅಂತ. ನಿಮಗೊಂದು ಸಮಾಧಾನದ ಸಂಗತಿಯೂ ಇದೆ. ಜೇನುಬಣ್ಣಕ್ಕೆ ಹಳದಿ ಬೆರೆತ ಕಿತ್ತಳೆ ದಾಟಿ ಹಳದಿಯ ಹತ್ತಿರ ಬಂದರೆ ಸಾಕು. ತೆಳು ಹಳದಿವರೆಗೆ ಎಳೆಯಬೇಕಿಲ್ಲ. ಕೂದಲಿಗೆ ಪೆಟ್ಟು ಜಾಸ್ತಿ ಬೀಳುವುದು ಆ ಕೊನೆಯ ಹಂತದಲ್ಲೇ.

ಬ್ಲೀಚ್ ಪುಡಿ ಒಂದೇ ಇದ್ದರೆ ಆಗುವುದಿಲ್ಲ, ಅದನ್ನು ಕಲಸಲು ಡೆವಲಪರ್ ಬೇಕು. ಅದು ಹೈಡ್ರೋಜನ್ ಪೆರಾಕ್ಸೈಡ್ ಇರುವ ಕ್ರೀಮ್. ಬಾಟಲಿಯ ಮೇಲೆ 10, 20, 30, 40 ವಾಲ್ಯೂಮ್ ಅಂತ ಬರೆದಿರುತ್ತದೆ. 20 ವಾಲ್ಯೂಮ್ ಅಂದರೆ 1 ಲೀಟರ್ ದ್ರಾವಣದಿಂದ 20 ಲೀಟರ್ ಆಮ್ಲಜನಕ ಹೊರಬರುವಷ್ಟು ಶಕ್ತಿ. ಶೇಕಡಾ ಲೆಕ್ಕದಲ್ಲಿ 10 ವಾಲ್ಯೂಮ್ ಅಂದರೆ 3, 20 ಅಂದರೆ 6, 30 ಅಂದರೆ 9, 40 ಅಂದರೆ 12. ನೀವು 20 ವಾಲ್ಯೂಮ್ ತನ್ನಿ. ಕಪ್ಪು ಕೂದಲಿಗೆ 30 ಅಥವಾ 40 ಬೇಕು ಅಂತ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. 20ರಲ್ಲೂ ಕಪ್ಪು ಕೂದಲು ತಿಳಿಯಾಗುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಆ ನಿಧಾನವೇ ನಿಮಗೆ ಬೇಕಾಗಿರುವುದು. ಬಣ್ಣ ಬದಲಾಗುವುದನ್ನು ನೋಡಿ ಸರಿಯಾದ ಹೊತ್ತಿಗೆ ನಿಲ್ಲಿಸಲು ಅದರಿಂದ ಸಮಯ ಸಿಗುತ್ತದೆ. ನೆತ್ತಿಯ ಚರ್ಮದ ಹತ್ತಿರ 40 ವಾಲ್ಯೂಮ್ ಅಂತೂ ಬೇಡವೇ ಬೇಡ, ಚರ್ಮ ಸುಡುತ್ತದೆ.

ನೀವು ಬರೆಯದೇ ಇರುವ ಕೆಲವು ವಿಷಯಗಳನ್ನು ಇಲ್ಲಿ ಕೇಳಲೇಬೇಕು. ಈ ಮೂರೂವರೆ ತಿಂಗಳಲ್ಲಿ ಬುಡ ಮುಚ್ಚಲು ಅಂತ ಮೆಹಂದಿ ಅಥವಾ ಕಪ್ಪು ಮೆಹಂದಿ ಹಚ್ಚಿದ್ದೀರಾ? ಶುದ್ಧ ಮೆಹಂದಿ ಇದ್ದರೆ ಬ್ಲೀಚ್ ಹಚ್ಚಿದಾಗ ಗಟ್ಟಿ ಕಿತ್ತಳೆಯಲ್ಲೇ ನಿಂತುಬಿಡುತ್ತದೆ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳು ಬೆರೆತಿರುತ್ತವೆ. ಅವು ಪೆರಾಕ್ಸೈಡ್ ಜೊತೆ ಸೇರಿದರೆ ಕೂದಲು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು, ಎಳೆ ತುಂಡಾಗಿ ಕೈಗೆ ಬರುತ್ತದೆ. ಕಪ್ಪು ಡೈ ಹಚ್ಚಿದ್ದರೆ ಅದೂ ಬೇರೆಯೇ ಲೆಕ್ಕ, ಹಚ್ಚಿದ ಬಣ್ಣ ತೆಗೆಯುವುದು ಸಹಜ ಬಣ್ಣ ತೆಗೆದಷ್ಟು ಸುಲಭವಲ್ಲ. ಸ್ಟ್ರೈಟನಿಂಗ್, ಸ್ಮೂದನಿಂಗ್ ಮಾಡಿಸಿದ ಕೂದಲು ಮೊದಲೇ ಸೋತಿರುತ್ತದೆ. ನೆತ್ತಿಯಲ್ಲಿ ಗಾಯ, ಉರಿ, ಸೋರಿಯಾಸಿಸ್ ಇದ್ದರೂ ಬೇಡ. ಇದರಲ್ಲಿ ಯಾವುದಕ್ಕಾದರೂ ಉತ್ತರ ಹೌದು ಅಂತಾದರೆ ಮನೆಯ ಪ್ರಯೋಗ ಬಿಟ್ಟು ಸಲೂನಿಗೆ ಹೋಗಿ, ಅಲ್ಲಿ ಏನನ್ನೂ ಮುಚ್ಚಿಡದೆ ಹೇಳಿ. ಉಬ್ಬಸ ಇರುವವರೂ ಹುಷಾರು. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟ್ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಉಳಿದವರೂ ಕಿಟಕಿ ತೆರೆದಿಟ್ಟುಕೊಂಡೇ ಕಲಸಿ, ಪುಡಿ ಹಾರದಂತೆ ಮೆಲ್ಲಗೆ ಸುರಿಯಿರಿ.

ಎಲ್ಲ ಸರಿ ಇದ್ದರೂ ಎರಡು ಪರೀಕ್ಷೆ ಬಿಡಬಾರದು. 48 ಗಂಟೆ ಮೊದಲು, ಕೊನೆಗೆ ಹಚ್ಚಲಿರುವ ಟೋನರನ್ನು (ಬ್ಲೀಚ್ ಆದ ಮೇಲೆ ಛಾಯೆ ಸರಿಪಡಿಸಲು ಹಚ್ಚುವ ಬಣ್ಣ) ಕಿವಿಯ ಹಿಂದಿನ ಚರ್ಮಕ್ಕೆ ಸ್ವಲ್ಪ ಹಚ್ಚಿ ನೋಡಿ. ಎಷ್ಟು ಹೊತ್ತು ಬಿಡಬೇಕು ಅಂತ ಅದರ ಪ್ಯಾಕೆಟ್ ಹೇಳುತ್ತದೆ. ತುರಿಕೆ, ಊತ, ಕೆಂಪು ಬಂದರೆ ಅದನ್ನು ಮುಟ್ಟಬೇಡಿ. ಹಿಂದೆ ಎಷ್ಟೋ ಸಲ ಏನೂ ಆಗದವರಿಗೂ ಹೇರ್ ಕಲರ್ ಅಲರ್ಜಿ ಹೊಸದಾಗಿ ಬರುತ್ತದೆ. ಇನ್ನೊಂದು ಎಳೆಯ ಪರೀಕ್ಷೆ. ಒಳಪದರದಿಂದ ಒಂದು ತೆಳು ಎಳೆ ತೆಗೆದುಕೊಂಡು, ಅದರ ಬುಡದ ಕಪ್ಪಿಗೆ ಮಾತ್ರ ಬ್ಲೀಚ್ ಹಚ್ಚಿ ನೋಡಿ. ಎಷ್ಟು ನಿಮಿಷಕ್ಕೆ ಯಾವ ಬಣ್ಣ ಬಂತು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಕೂದಲಿನ ಸಮಯ ಎಷ್ಟು ಅಂತ ಬೇರೆ ಯಾರೂ ಹೇಳಲಾರರು. ತೊಳೆದ ಮೇಲೆ ಆ ಎಳೆಯನ್ನು ಒದ್ದೆಯಿದ್ದಾಗಲೇ ಮೆಲ್ಲಗೆ ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗಿ ವಾಪಸ್ ಬರದಿದ್ದರೆ ಕೂದಲಿಗೆ ಇನ್ನು ಬ್ಲೀಚ್ ತಾಳುವ ಶಕ್ತಿ ಇಲ್ಲ.

ಮಾಡುವ ದಿನ ಮತ್ತು ಅದರ ಹಿಂದಿನ ದಿನ ತಲೆಗೆ ಸ್ನಾನ ಬೇಡ. ನೆತ್ತಿಯಲ್ಲಿ ತಾನಾಗಿ ಬರುವ ಎಣ್ಣೆಯಂಶ ಚರ್ಮವನ್ನು ಕಾಯುತ್ತದೆ. ಕೂದಲು ಪೂರ್ತಿ ಒಣಗಿರಲಿ, ಸಿಕ್ಕು ಬಿಡಿಸಿರಲಿ. ಪ್ಲಾಸ್ಟಿಕ್ ಅಥವಾ ಗಾಜಿನ ಬಟ್ಟಲು, ಸಣ್ಣ ಬ್ರಷ್, ಹಿಡಿ ಚೂಪಾಗಿರುವ ಟೇಲ್ ಕೋಂಬ್, ಪ್ಲಾಸ್ಟಿಕ್ ಕ್ಲಿಪ್, ಕೈಗವಸು, ಹಳೆಯ ಟವೆಲ್, ಕೈಯಗಲಕ್ಕೆ ಕತ್ತರಿಸಿದ ಫಾಯಿಲ್ ಇಟ್ಟುಕೊಳ್ಳಿ. ಲೋಹದ ಬಟ್ಟಲು ಬೇಡ, ಅದು ಪೆರಾಕ್ಸೈಡನ್ನು ಕೆಡಿಸುತ್ತದೆ. ಎಳೆಗಳನ್ನು ತೂತಿನಿಂದ ಹೊರಗೆಳೆಯುವ ಹೈಲೈಟಿಂಗ್ ಟೋಪಿ ಬುಡ ಸರಿ ಮಾಡಲು ಉಪಯೋಗವಿಲ್ಲ. ಅದರಲ್ಲಿ ಹಳೆಯ ಎಳೆಗಳೇ ಮತ್ತೆ ಹೊರಗೆ ಬರುತ್ತವೆ ಅನ್ನೋ ಖಾತ್ರಿ ಇಲ್ಲ, ಟೋಪಿಯ ಮೇಲೆ ಬುಡ ಎಲ್ಲಿ ಮುಗಿಯಿತು ಅಂತಲೂ ಕಾಣುವುದಿಲ್ಲ.

ಇನ್ನು ಎಳೆ ಆರಿಸುವುದು. ಇದಕ್ಕೆ ತಾಳ್ಮೆ ಬೇಕು, ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೇ. ಕನ್ನಡಿಯ ಮುಂದೆ, ಹಗಲು ಬೆಳಕಿನಲ್ಲಿ ಕೂರಿ. ನೀವು ಸಾಮಾನ್ಯವಾಗಿ ತೆಗೆಯುವ ಬೈತಲೆಯನ್ನೇ ತೆಗೆಯಿರಿ. ಬೈತಲೆಗೆ ಸಮಾನಾಂತರವಾಗಿ ತೆಳುವಾದ ಒಂದು ಪದರ ಎತ್ತಿ. ಅದನ್ನು ಬಿಗಿಯಾಗಿ ಹಿಡಿದರೆ ಜೇನುಬಣ್ಣದ ಎಳೆಗಳು ಎಲ್ಲಿವೆ ಅಂತ ಕಾಣುತ್ತದೆ. ಆ ತಿಳಿ ಬಣ್ಣವನ್ನೇ ಹಿಡಿದುಕೊಂಡು ಬುಡದ ಕಡೆಗೆ ಹೋಗಿ, ಬಾಚಣಿಗೆಯ ಚೂಪು ತುದಿಯಿಂದ ಅದೇ ಎಳೆಗಳನ್ನು ಮೇಲೆ ಎತ್ತಿ, ಉಳಿದ ಕಪ್ಪನ್ನು ಕೆಳಗೆ ಬಿಡಿ. ಸುಮ್ನೆ ಅಂದಾಜಿಗೆ ಎಳೆ ಎತ್ತಿದರೆ ಕಪ್ಪು ಎಳೆಯ ಬುಡ ತಿಳಿಯಾಗುತ್ತದೆ, ಜೇನು ಎಳೆಯ ಬುಡ ಕಪ್ಪಾಗೇ ಉಳಿಯುತ್ತದೆ. ಸಂಶಯ ಬಂದ ಎಳೆಯನ್ನು ಬಿಟ್ಟುಬಿಡಿ. ಎರಡು ಫಾಯಿಲ್‌ಗಳ ನಡುವೆ ಒಂದು ಪದರ ಮುಟ್ಟದೆ ಬಿಡುವುದನ್ನೂ ಮರೆಯಬೇಡಿ.

ಫಾಯಿಲ್ ಮೇಲೆ ಹರಡಿದ ಎಳೆಗಳ ಹಳೆಯ ತಿಳಿ ಭಾಗಕ್ಕೆ, ಕಪ್ಪು ಮುಗಿಯುವ ಗೆರೆಯಿಂದ ಕೆಳಕ್ಕೆ, ದಪ್ಪಗೆ ಕಂಡೀಶನರ್ ಹಚ್ಚಿ. ಉಳಿದ ಕೂದಲು ಹಾಳಾಗುತ್ತದೆ ಅಂತ ಹೆದರಿದ್ದಿರಲ್ಲ, ಆ ಭಯಕ್ಕೆ ಮದ್ದು ಇದೇ. ಒಮ್ಮೆ ಬ್ಲೀಚ್ ಆದ ಕೂದಲಿನ ಮೇಲೆ ಮತ್ತೆ ಬ್ಲೀಚ್ ಬಿದ್ದರೆ, ಹಳೆಯದೂ ಹೊಸದೂ ಸೇರುವ ಆ ಗೆರೆಯಲ್ಲೇ ಕೂದಲು ತುಂಡಾಗುತ್ತದೆ. ಬುಡ ಸರಿ ಮಾಡಲು ಹೋಗಿ ಉದ್ದ ಕಳೆದುಕೊಳ್ಳುವುದು ಹೀಗೆ. ಬ್ಲೀಚನ್ನು ಗಟ್ಟಿಯಾಗಿ ಕಲಸಿ, ಬ್ರಷ್ ತಲೆಕೆಳಗು ಹಿಡಿದರೂ ಬೀಳಬಾರದು. ಪುಡಿ ಎಷ್ಟು, ಡೆವಲಪರ್ ಎಷ್ಟು ಅನ್ನೋದು ಪ್ಯಾಕೆಟ್ ಮೇಲೆ ಇರುತ್ತದೆ, ಅದನ್ನೇ ಪಾಲಿಸಿ. ನೀರಾದ ಮಿಶ್ರಣ ಫಾಯಿಲ್‌ನಿಂದ ಜಾರಿ ನೆತ್ತಿಗೆ ಬರುತ್ತದೆ, ಅಲ್ಲಿ ಚುಕ್ಕೆ ಚುಕ್ಕೆ ಬೀಳುತ್ತದೆ. ಬ್ಲೀಚ್ ಕೆಲಸ ಮಾಡುತ್ತ ಉಬ್ಬುತ್ತದೆ ಕೂಡ. ಅದಕ್ಕೆ ಚರ್ಮದಿಂದ 2, 3 ಮಿಲಿಮೀಟರ್ ಬಿಟ್ಟೇ ಹಚ್ಚಿ, ಗೆರೆಯ ಕಡೆಯೂ ಅಷ್ಟೇ ಬಿಡಿ, ಉಬ್ಬಿ ಅದೇ ತಲುಪುತ್ತದೆ.

ನಿಮ್ಮದು 4 ಸೆಂಟಿಮೀಟರ್ ಬೆಳೆದಿರುವುದರಿಂದ ಇನ್ನೊಂದು ಸೂಕ್ಷ್ಮ ಇದೆ. ನೆತ್ತಿಯ ಮೈಶಾಖಕ್ಕೆ ಬುಡದ ಮೊದಲ ಸೆಂಟಿಮೀಟರ್, ಒಂದೂವರೆ ಸೆಂಟಿಮೀಟರ್ ಬೇಗ ತಿಳಿಯಾಗುತ್ತದೆ. ಅದರಾಚೆಗಿನ ಕೂದಲಿಗೆ ಆ ಶಾಖ ತಲುಪುವುದಿಲ್ಲ, ಅದು ನಿಧಾನ. ಪೂರ್ತಿ 4 ಸೆಂಟಿಮೀಟರಿಗೂ ಒಟ್ಟಿಗೆ ಹಚ್ಚಿದರೆ ಚರ್ಮದ ಪಕ್ಕ ತೆಳು ಹಳದಿ, ಮಧ್ಯದಲ್ಲಿ ಕಿತ್ತಳೆ, ಕೆಳಗೆ ಹಳೆಯ ಜೇನು, ಹೀಗೆ ಮೂರು ಪಟ್ಟಿ ಬರುತ್ತದೆ. ಹಾಗಾಗಿ ಎರಡು ಹಂತದಲ್ಲಿ ಮಾಡಿ. ಮೊದಲು ಬುಡದ ಒಂದೂವರೆ ಸೆಂಟಿಮೀಟರ್ ಬಿಟ್ಟು ಅದರಾಚೆಯ ಕಪ್ಪಿಗೆ ಮಾತ್ರ ಹಚ್ಚಿ ಫಾಯಿಲ್ ಮಡಚಿ. ಅದು ಕಿತ್ತಳೆಗೆ ಬಂದಾಗ ಫಾಯಿಲ್ ಬಿಡಿಸಿ, ಹೊಸದಾಗಿ ಕಲಸಿದ ಬ್ಲೀಚನ್ನು ಬುಡದ ಭಾಗಕ್ಕೆ ಹಚ್ಚಿ. ಬೇಗ ಆಗುವುದೂ ನಿಧಾನವಾಗಿ ಆಗುವುದೂ ಹತ್ತಿರಹತ್ತಿರ ಒಂದೇ ಹೊತ್ತಿಗೆ ಮುಗಿಯುತ್ತವೆ. ಹತ್ತು ಹನ್ನೆರಡು ಫಾಯಿಲ್‌ಗಿಂತ ಜಾಸ್ತಿ ಬೇಡ ಅಂದಿದ್ದು ಇದಕ್ಕೂ ಸೇರಿಯೇ. ಮೊದಲು ನೆತ್ತಿಯ ಬೈತಲೆ, ಕೊನೆಗೆ ಹಣೆಯ ಅಂಚು. ಹಣೆಯ, ಕಪೋಲದ ಪಕ್ಕದ ಕೂದಲು ತೆಳು, ಬಹಳ ಬೇಗ ತಿಳಿಯಾಗಿಬಿಡುತ್ತದೆ.

ಹಚ್ಚಿದ ಮೇಲೆ 5 ನಿಮಿಷಕ್ಕೊಮ್ಮೆ ಒಂದು ಫಾಯಿಲ್ ತೆರೆದು, ಬ್ಲೀಚನ್ನು ಸ್ವಲ್ಪ ಒರೆಸಿ ಬಣ್ಣ ನೋಡಿ. ಡ್ರೈಯರ್ ಶಾಖ ಕೊಡಬೇಡಿ. ಬ್ಲೀಚ್ ಒಣಗಿದರೆ ಕೆಲಸ ನಿಲ್ಲುತ್ತದೆ, ಹಾಗಾಗಿ ಫಾಯಿಲ್ ಸರಿಯಾಗಿ ಮುಚ್ಚಿರಲಿ. ಎಲ್ಲ ಫಾಯಿಲ್‌ಗಳೂ ಒಟ್ಟಿಗೆ ಆಗುವುದಿಲ್ಲ. ಆದದ್ದನ್ನು ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿಬಿಡಿ, ಉಳಿದವಕ್ಕೆ ಕಾಯಿರಿ. ಪ್ಯಾಕೆಟ್ ಹೇಳುವ ಗರಿಷ್ಠ ಸಮಯ ದಾಟಬೇಡಿ. ಆ ಹೊತ್ತಿಗೆ ಕಿತ್ತಳೆಯಲ್ಲೇ ಇದ್ದರೂ ತೊಳೆಯಿರಿ. ಚರ್ಮ ಸುಟ್ಟಂತೆ ಉರಿದರೆ ಬಣ್ಣ ಯಾವುದೇ ಇರಲಿ, ಆ ಕ್ಷಣವೇ ಬೆಚ್ಚಗಿನ ನೀರಿನಿಂದ ಚೆನ್ನಾಗಿ ತೊಳೆದುಬಿಡಿ. ಉಳಿದ ಮಿಶ್ರಣವನ್ನು ಮುಚ್ಚಳ ಹಾಕಿ ಎತ್ತಿಡಬಾರದು. ಅದರಿಂದ ಆಮ್ಲಜನಕ ಬರುತ್ತಲೇ ಇರುತ್ತದೆ, ಡಬ್ಬಿ ಒಡೆಯಬಹುದು. ನೀರು ಬಿಟ್ಟು ತೊಳೆದು ಚೆಲ್ಲಿ.

ತೊಳೆದಾಗ ಕಾಣುವ ಹಸಿ ಹಳದಿ ಕೊನೆಯ ಬಣ್ಣವಲ್ಲ. ಸಲೂನಿನಲ್ಲಿ ನಿಮಗೆ ಜೇನುಬಣ್ಣ ಬಂದಿದ್ದು ಬ್ಲೀಚ್ ಆದ ಮೇಲೆ ಹಾಕಿದ ಟೋನರಿನಿಂದ. ಹಳದಿಯನ್ನು ನೇರಳೆ ಇಳಿಸುತ್ತದೆ, ಕಿತ್ತಳೆಯನ್ನು ನೀಲಿ ಇಳಿಸುತ್ತದೆ. ಆದರೆ ಜೇನುಬಣ್ಣದ ಜೀವ ಇರುವುದೇ ಅದರ ಬೆಚ್ಚನೆಯ ಛಾಯೆಯಲ್ಲಿ. ಬೂದಿಬಣ್ಣದ ಟೋನರ್ ಹಾಕಿದರೆ ಬುಡ ಮಂಕಾಗಿ ಉಳಿದ ಕೂದಲಿಗೆ ಹೊಂದುವುದಿಲ್ಲ. ನಿಮ್ಮ ಹಳೆಯ ಎಳೆಯ ಮಟ್ಟದ್ದೇ, ಬೀಜ್ (ಮರಳಿನಂಥ ತಿಳಿ ಬಣ್ಣ) ಅಥವಾ ತೆಳು ಹೊಂಬಣ್ಣದ ಡೆಮಿ-ಪರ್ಮನೆಂಟ್ (ಕೆಲವು ವಾರಗಳಲ್ಲಿ ಮೆಲ್ಲಗೆ ಇಳಿಯುವ) ಟೋನರನ್ನು, ಅದರ ಜೊತೆ ಬರುವ ಕಡಿಮೆ ಶಕ್ತಿಯ ಡೆವಲಪರಿನಲ್ಲೇ ಕಲಸಿ, ಟವೆಲ್‌ನಲ್ಲಿ ಒತ್ತಿ ಒರೆಸಿದ ಕೂದಲಿನ ಬುಡಕ್ಕೆ ಹಚ್ಚಿ. ಕೊನೆಯ 2, 3 ನಿಮಿಷ ಮಾತ್ರ ಕೆಳಗಿನ ತಿಳಿ ಭಾಗಕ್ಕೂ ಎಳೆಯಿರಿ. ಹಳೆಯ ತಿಳಿ ಕೂದಲು ಬಣ್ಣವನ್ನು ಬೇಗ ಹೀರಿಕೊಳ್ಳುತ್ತದೆ, ಜಾಸ್ತಿ ಹೊತ್ತು ಬಿಟ್ಟರೆ ಕಪ್ಪುಗಟ್ಟುತ್ತದೆ. ನೇರಳೆ ಶಾಂಪೂ ಕಿತ್ತಳೆಗೆ ಉಪಯೋಗಕ್ಕೆ ಬರುವುದಿಲ್ಲ, ಅದು ಹಳದಿಗೆ ಮಾತ್ರ.

ಬ್ಲೀಚ್ ಜಾರಿ ಬುಡದಲ್ಲಿ ಚುಕ್ಕೆ ಬಿದ್ದಿದ್ದರೆ ನಿಮ್ಮ ಸಹಜ ಬಣ್ಣದ ಡೆಮಿ-ಪರ್ಮನೆಂಟ್ ಕಲರನ್ನು ಸಣ್ಣ ಬ್ರಷ್‌ನಿಂದ ಆ ಚುಕ್ಕೆಯ ಮೇಲಷ್ಟೇ ಇಡಿ, ಮುಚ್ಚಿಹೋಗುತ್ತದೆ. ಬುಡ ಕಿತ್ತಳೆಯಲ್ಲೇ ನಿಂತಿದ್ದರೆ ನೀಲಿ ಆಧಾರದ ಟೋನರ್ ಹಾಕಿ ಒಂದು ಮೆಟ್ಟಿಲು ಗಾಢವಾಗಿಯೇ ಇರಲು ಬಿಡಿ. ಬುಡ ಸ್ವಲ್ಪ ಗಾಢ, ಕೆಳಗೆ ತಿಳಿ ಇದ್ದರೆ ಕಣ್ಣಿಗೆ ಸಹಜವಾಗೇ ಕಾಣುತ್ತದೆ. ಅದೇ ದಿನ ಮತ್ತೊಮ್ಮೆ ಬ್ಲೀಚ್ ಹಚ್ಚುವ ಆಸೆ ಬೇಡ.

ಇಷ್ಟೆಲ್ಲ ಓದಿ, ಇದು ನನ್ನಿಂದ ಆಗುವ ಕೆಲಸವಲ್ಲ ಅನ್ನಿಸಿದರೆ ಇನ್ನೊಂದು ದಾರಿ ಇದೆ. ನಿಜ ಹೇಳಬೇಕೆಂದರೆ ನಿಮ್ಮಷ್ಟು ಕಡು ಕೂದಲಿಗೆ, 4 ಸೆಂಟಿಮೀಟರ್ ಬೆಳವಣಿಗೆಗೆ ನನ್ನ ಮೊದಲ ಆಯ್ಕೆ ಇದೇ. ಬುಡವನ್ನು ತಿಳಿ ಮಾಡುವ ಬದಲು ಆ ಗೆರೆಯನ್ನೇ ಮಸುಕು ಮಾಡಿ. ಸಲೂನಿನಲ್ಲಿ ಇದಕ್ಕೆ ರೂಟ್ ಶ್ಯಾಡೋ ಅನ್ನುತ್ತಾರೆ. ನಿಮ್ಮ ಸಹಜ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದ, ಅಂದರೆ ನಡುಗಂದು ಬಣ್ಣದ ಡೆಮಿ-ಪರ್ಮನೆಂಟ್ ಕಲರನ್ನು ಕಪ್ಪು ಮುಗಿದು ಜೇನು ಶುರುವಾಗುವ ಜಾಗದಿಂದ ಕೆಳಕ್ಕೆ ಹಚ್ಚಬೇಕು. ಒಂದು ಎಳೆಗೆ 1 ಸೆಂಟಿಮೀಟರ್, ಪಕ್ಕದ್ದಕ್ಕೆ 3, ಅದರಾಚೆಗೆ 2, ಹೀಗೆ ಏರುಪೇರಾಗಿ ಹಚ್ಚಿ, ಅಂಚನ್ನು ಬೆರಳಿನಿಂದ ಕೆಳಕ್ಕೆ ಸವರಿ. ನೇರ ಗೆರೆ ಮಾಯವಾಗಿ ಕಪ್ಪು ಮೆಲ್ಲಗೆ ಜೇನಿಗೆ ತಿರುಗಿದಂತೆ ಕಾಣುತ್ತದೆ. ಇದರಲ್ಲಿ ಬ್ಲೀಚ್ ಇಲ್ಲ, ಕೂದಲು ತುಂಡಾಗುವ ಭಯವೂ ಇಲ್ಲ. ಬಣ್ಣ ಕೆಲವು ವಾರಗಳ ತೊಳೆತಕ್ಕೆ ಮೆಲ್ಲಗೆ ಇಳಿಯುತ್ತದೆ. ಪರ್ಮನೆಂಟ್ ಕಲರ್ ಮಾತ್ರ ಹಾಕಬೇಡಿ, ಮುಂದೆ ಹೈಲೈಟ್ಸ್ ಮಾಡುವವರಿಗೆ ಅದನ್ನು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಒಂದು ಸಮಾರಂಭದ ದಿನಕ್ಕಷ್ಟೇ ಬೇಕಿದ್ದರೆ ಇದೂ ಬೇಡ, ಬೈತಲೆಯನ್ನು ಅಂಕುಡೊಂಕಾಗಿ ತೆಗೆಯಿರಿ, ಕಪ್ಪು ಪಟ್ಟಿ ಅರ್ಧಕ್ಕರ್ಧ ಕರಗುತ್ತದೆ.

ಬ್ಲೀಚ್ ದಾರಿಯನ್ನೇ ಹಿಡಿದರೆ, ಮಾಡಿದ ಮೇಲೆ 2, 3 ದಿನ ಶಾಂಪೂ ಬೇಡ, ವಾರಕ್ಕೊಮ್ಮೆ ಹೇರ್ ಮಾಸ್ಕ್ ಹಾಕಿ, ಐರನ್ ಮಾಡುವುದನ್ನು ಆದಷ್ಟು ಕಡಿಮೆ ಮಾಡಿ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಮುಂದಿನ ಸಲ 4 ಸೆಂಟಿಮೀಟರ್ ಆಗುವವರೆಗೆ ಕಾಯಬೇಡಿ. 8 ವಾರದ ಹೊತ್ತಿಗೆ, 2ರಿಂದ 2.5 ಸೆಂಟಿಮೀಟರ್ ಇದ್ದಾಗ ಕೂತರೆ ಪಟ್ಟಿ ಬೀಳುವ ಅಪಾಯ ತುಂಬ ಕಡಿಮೆ. ಬೈತಲೆ, ಮುಖದ ಸುತ್ತ ನೀವೇ ಮಾಡಿಕೊಂಡರೆ, ಅದರ ಮುಂದಿನ ಸಲ ಸಲೂನಿಗೆ ಹೋಗಿ ಹಿಂಭಾಗವನ್ನೂ ಸೇರಿಸಿ ಮಾಡಿಸಿ. ಮನೆಯಲ್ಲಿ ಯಾವ ಬ್ಲೀಚ್, ಎಷ್ಟು ವಾಲ್ಯೂಮ್, ಯಾವ ಟೋನರ್ ಹಾಕಿದಿರಿ ಅಂತ ಬರೆದಿಟ್ಟ ಚೀಟಿಯನ್ನು ಅವರಿಗೆ ತೋರಿಸಿ.